ಸಾವಿರ ಕಂಠಗಳ ಮೆಲ್ ಬ್ಲಾಂಕ್

ತೊಗಲುಬೊಂಬೆಯಾಟವನ್ನು ಊರಿನಲ್ಲಿ ಕಂಡು ಬಂದ ಹಿರಿಯರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಬಿಳಿಯ ಪರದೆ, ಅದರ ಹಿಂದೆ ದೀಪ, ನಡುವೆ ರಾಮ, ರಾವಣ, ಹನುಮಂತ. ಮುಂದೆ ಕುಳಿತವರಿಗೆ ಹತ್ತಾರು ಪಾತ್ರಗಳ ಮಾತು ಕೇಳಿಸುತ್ತದೆ. ಹಿಂದೆ ಹೋಗಿ ಇಣುಕಿದರೆ ಕಾಣುವವರು ಒಬ್ಬರೋ ಇಬ್ಬರೋ. ಗರ್ಜಿಸಿದವನೂ ಅವನೇ, ಅತ್ತವನೂ ಅವನೇ. ಆಟ ಮುಗಿದ ಮೇಲೆ ಬೊಂಬೆಗಳ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಆಡಿಸಿದವನ ಹೆಸರನ್ನು ಕೇಳುವವರಿಲ್ಲ. ಅಮೆರಿಕದ ಕಾರ್ಟೂನ್ ಚಿತ್ರಗಳ ಪರದೆಯ ಹಿಂದೆಯೂ ಅಂಥವನೊಬ್ಬನಿದ್ದನು. ಅವನೇ ಮೆಲ್ ಬ್ಲಾಂಕ್.

ಹೊರನಾಡಿನಲ್ಲಿ ನೆಲಸಿದ ನಮ್ಮ ಮನೆಗಳಿಗೆ ಈತನು ಅಪರಿಚಿತನಲ್ಲ. 1995ರಲ್ಲಿ ಭಾರತಕ್ಕೆ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಬಂದಿತಷ್ಟೆ. ಆ ದಿನಗಳಲ್ಲಿ ಶಾಲೆಯಿಂದ ಬಂದ ಮಕ್ಕಳು ಪಾಟಿಚೀಲವನ್ನು ಮೂಲೆಗೆಸೆದು ಟಿ.ವಿ.ಯ ಮುಂದೆ ಕೂರುತ್ತಿದ್ದುದನ್ನೂ, ಊಟಕ್ಕೆ ಕರೆದು ಕರೆದು ನಾವು ಗದರುತ್ತಿದ್ದುದನ್ನೂ ಮರೆತಿಲ್ಲ. ಗಜ್ಜರಿ ಕಡಿಯುವ ಮೊಲ ಬಗ್ಸ್ ಬನ್ನಿ, ತುಪ್ಪಳಿಲ್ಲದೆ ಮಾತನಾಡಲಾರದ ಬಾತುಕೋಳಿ ಡ್ಯಾಫಿ, ತೊದಲುವ ಹಂದಿ ಪೋರ್ಕಿ, ಹಳದಿಯ ಪುಟ್ಟ ಹಕ್ಕಿ ಟ್ವೀಟಿ, ಅದರ ಬೆನ್ನು ಬಿಡದ ಬೆಕ್ಕು ಸಿಲ್ವೆಸ್ಟರ್ — ಇವೆಲ್ಲ ಒಬ್ಬನೇ ಮನುಷ್ಯನ ಗಂಟಲಿನಿಂದ ಹೊರಟವು ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಗದರಿದ ನಾವೂ ಬಾಗಿಲಲ್ಲಿ ನಿಂತು ನಕ್ಕವರೇ. ಆ ನಗುವಿನ ಋಣ ತೀರಿಸಲೆಂದಾದರೂ ಆತನ ಬಾಳನ್ನು ನಾವು ತಿಳಿಯುವುದು ಯೋಗ್ಯ.

ಮೆಲ್ವಿನ್ ಜೆರೋಮ್ ಬ್ಲಾಂಕನು 1908ರ ಮೇ 30ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಯಹೂದಿ ಮನೆತನವೊಂದರಲ್ಲಿ ಹುಟ್ಟಿದನು. ಆತನ ಬಾಲ್ಯದಲ್ಲಿಯೇ ಸಂಸಾರವು ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡಿಗೆ ಬಂದು ನೆಲಸಿತು. ವಲಸೆ ಬಂದ ಜನರು ತುಂಬಿದ್ದ ನಗರವದು. ಒಂದು ಬೀದಿಯಲ್ಲಿ ಚೀನೀಯರು, ಇನ್ನೊಂದರಲ್ಲಿ ಯಹೂದಿಗಳು. ಒಬ್ಬೊಬ್ಬರ ಇಂಗ್ಲಿಷಿಗೂ ಒಂದೊಂದು ರಾಗ. ಮನೆಯ ಹತ್ತಿರ ದಿನಸಿ ಅಂಗಡಿ ಇಟ್ಟಿದ್ದ ಮುದಿ ದಂಪತಿಗಳು ಯಿದ್ದಿಷ್ ಬೆರೆಸಿ ಆಡುತ್ತಿದ್ದ ಮಾತನ್ನು ಹುಡುಗನು ಕಿವಿಗೊಟ್ಟು ಕೇಳುತ್ತಿದ್ದನು. ಕೇಳಿದ್ದನ್ನು ಗೆಳೆಯರ ಮುಂದೆ ಹಾಗೆಯೇ ಆಡಿ ತೋರಿಸುತ್ತಿದ್ದನು. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿಯೋ ತಮಿಳೋ ತೆಲುಗೋ, ಶಾಲೆಯಲ್ಲಿ ಹಿಂದಿ ಇಂಗ್ಲಿಷ್ — ಹೀಗೆ ಬೆಳೆಯುವ ನಮ್ಮ ಮಕ್ಕಳನ್ನು ಬಲ್ಲವರಿಗೆ ಈ ಹುಡುಗನ ಕಿವಿ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಯಲ್ಲಿ ಆತನಿಗೆ ಓದಿಗಿಂತ ಸದ್ದಿನ ಮೇಲೆಯೇ ಪ್ರೀತಿ. ಅಲ್ಲಿನ ಉದ್ದನೆಯ ಓಣಿಯಲ್ಲಿ ಒಮ್ಮೆ ವಿಚಿತ್ರವಾಗಿ ನಕ್ಕು ಓಡಿದರೆ ಗೋಡೆಗಳೆಲ್ಲ ನಗುತ್ತಿದ್ದುವು. ಆ ನಗೆಯೇ ಮುಂದೆ 1940ರಲ್ಲಿ ಮರಕುಟಿಗ ವುಡಿ ವುಡ್‌ಪೆಕರನ ನಗೆಯಾಯಿತೆಂದು ಆತನು ಹೇಳಿಕೊಂಡಿದ್ದಾನೆ. ಅಧ್ಯಾಪಕರೊಬ್ಬರು ಆತನ ಮನೆತನದ ಹೆಸರನ್ನೇ ಹಿಡಿದು, ಹೆಸರಿನಂತೆಯೇ ನೀನೂ ಬರಿದು, ಏನೂ ಆಗಲಾರೆಯೆಂದು ಹಂಗಿಸಿದರಂತೆ; ಇಂಗ್ಲಿಷಿನಲ್ಲಿ ಆ ಹೆಸರಿಗೆ ಖಾಲಿ ಎಂಬ ಅರ್ಥವಿತ್ತು. ಹದಿಹರೆಯದಲ್ಲಿಯೇ ಹುಡುಗನು ಹೆಸರಿನ ಕೊನೆಯ ಅಕ್ಷರವನ್ನು ಬದಲಿಸಿಕೊಂಡನು. ಗುರುಗಳ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಎಷ್ಟು ಕಾಲ ಉಳಿಯುತ್ತದೆಂಬುದಕ್ಕೆ ಇದು ಸಾಕ್ಷಿ.

ಹೊಟ್ಟೆಪಾಡಿಗೆ ಮೊದಲು ಒದಗಿದ್ದು ಸಂಗೀತ. ಪಿಟೀಲು ಕಲಿತನು, ಟ್ಯೂಬಾ ಊದಿದನು, ವಾದ್ಯಗೋಷ್ಠಿ ನಡೆಸಿದನು. 1927ರಲ್ಲಿ ಪೋರ್ಟ್‌ಲೆಂಡಿನ ಬಾನುಲಿ ನಿಲಯದಲ್ಲಿ ಹಾಡಿ ನಗಿಸುವ ಅವಕಾಶ ಸಿಕ್ಕಿತು. 1933ರಲ್ಲಿ ಎಸ್ಟೆಲ್ ಎಂಬವಳನ್ನು ಮದುವೆಯಾದನು. ಅದೇ ವರ್ಷ ದಂಪತಿಗಳಿಬ್ಬರೂ ಸೇರಿ ಬಾನುಲಿಯಲ್ಲಿ ಹಾಸ್ಯ ಕಾರ್ಯಕ್ರಮವೊಂದನ್ನು ಆರಂಭಿಸಿದರು. ವಾರಕ್ಕೆ ಆರು ದಿನ, ದಿನಕ್ಕೊಂದು ಗಂಟೆ. ಬೇರೆ ನಟರಿಗೆ ಕೊಡಲು ನಿಲಯದವರಲ್ಲಿ ಹಣವಿರಲಿಲ್ಲ. ಹೀಗಾಗಿ ಅಜ್ಜನೂ ಮೊಮ್ಮಗನೂ ಪೋಲೀಸನೂ ಕಳ್ಳನೂ ಈತನೇ ಆಗಬೇಕಾಯಿತು. ಸಾವಿರ ಕಂಠದವನೆಂಬ ಬಿರುದಿನ ಮೂಲ ಈ ಬಡತನದಲ್ಲಿದೆಯೆಂದರೆ ತಪ್ಪಾಗಲಾರದು.

1935ರಲ್ಲಿ ಆತನು ಲಾಸ್ ಏಂಜಲೀಸ್ ಸೇರಿದನು. ವಾರ್ನರ್ ಸೋದರರಿಗಾಗಿ ಲಿಯಾನ್ ಶ್ಲೆಸಿಂಜರನು ನಡೆಸುತ್ತಿದ್ದ ಕಾರ್ಟೂನ್ ಚಿತ್ರಶಾಲೆಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದನು. ಬೇಕಾದ ಕಂಠಗಳೆಲ್ಲ ಇವೆಯೆಂಬ ಉತ್ತರವೇ ಮತ್ತೆ ಮತ್ತೆ ಬಂದಿತು. ಕಡೆಗೆ 1936ರ ಕೊನೆಯಲ್ಲಿ ಧ್ವನಿವಿಭಾಗದ ಟ್ರೆಗ್ ಬ್ರೌನನು ಆತನ ಪರೀಕ್ಷೆಗೆ ಒಪ್ಪಿದನು. ಒಡನೆಯೇ ದೊರೆತ ಪಾತ್ರ ಕುಡಿದು ತೂರಾಡುವ ಗೂಳಿಯದು. 1937ರ ಚಿತ್ರವೊಂದರಲ್ಲಿ ಆ ಗೂಳಿ ಬಂದಿತು.

ಆ ಚಿತ್ರಶಾಲೆಯಲ್ಲಿ ಆಗ ಒಂದು ತೊಡಕಿತ್ತು. ಪೋರ್ಕಿ ಹಂದಿಗೆ ದನಿ ಕೊಡುತ್ತಿದ್ದ ಜೋ ಡೋಹರ್ಟಿಗೆ ನಿಜವಾಗಿಯೇ ಉಗ್ಗಿತ್ತು. ಆತನ ಉಗ್ಗು ಆತನ ಅಂಕೆಯಲ್ಲಿರಲಿಲ್ಲವಾಗಿ ಧ್ವನಿಮುದ್ರಣಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು, ಖರ್ಚೂ ಏರುತ್ತಿತ್ತು. 1937ರಲ್ಲಿ ಆ ಪಾತ್ರವನ್ನು ಬ್ಲಾಂಕನಿಗೆ ಒಪ್ಪಿಸಿದರು. ಬ್ಲಾಂಕನು ಉಗ್ಗಿಗೆ ತಾಳ ಕಟ್ಟಿದನು: ಹಂದಿ ಒಂದು ಪದಕ್ಕಾಗಿ ತಡಕಾಡಿ, ಸೋತು, ಬೇರೊಂದು ಪದವನ್ನು ಹಿಡಿದು ದಡ ಸೇರುತ್ತಿತ್ತು. ಜನ ನಕ್ಕರು. ಒಬ್ಬನ ಕಷ್ಟ ಇನ್ನೊಬ್ಬನ ಕಸುಬಾಯಿತು. ನಗುವಾಗ ಡೋಹರ್ಟಿಯನ್ನೂ ಒಮ್ಮೆ ನೆನೆಯುವುದು ನ್ಯಾಯ. ಅದೇ ಚಿತ್ರದಲ್ಲಿಯೇ ಡ್ಯಾಫಿ ಬಾತುಕೋಳಿಯೂ ಹುಟ್ಟಿತು.

1940ರಲ್ಲಿ ಟೆಕ್ಸ್ ಏವರಿಯ ನಿರ್ದೇಶನದ ಚಿತ್ರವೊಂದರಲ್ಲಿ ಬಗ್ಸ್ ಬನ್ನಿ ತನ್ನ ಪೂರ್ಣರೂಪದಲ್ಲಿ ಕಾಣಿಸಿಕೊಂಡನು. ಬೇಟೆಗಾರನ ಕೋವಿಯ ಮುಂದೆ ನಿಂತೂ ಹೆದರದ ಈ ಮೊಲಕ್ಕೆ ನ್ಯೂಯಾರ್ಕಿನ ಬ್ರೂಕ್ಲಿನ್ ಮತ್ತು ಬ್ರಾಂಕ್ಸ್ ಬೀದಿಗಳ ಮಾತಿನ ಧಾಟಿಯನ್ನು ಬೆರೆಸಿ ಬ್ಲಾಂಕನು ದನಿ ಕೊಟ್ಟನು. ಗಜ್ಜರಿ ಕಡಿಯುವ ಸದ್ದಿಗೆ ಬೇರೆ ತರಕಾರಿಗಳನ್ನೂ ಕಡಿದು ನೋಡಿದರಂತೆ. ಗಜ್ಜರಿಯ ಸದ್ದು ಗಜ್ಜರಿಗೇ ಸರಿ. ಆದರೆ ಅಗಿದು ನುಂಗುತ್ತ ಕೂತರೆ ಮುಂದಿನ ಮಾತಿಗೆ ಹೊತ್ತಾಗುತ್ತಿತ್ತು. ಆದ್ದರಿಂದ ಕಡಿದು, ಪಕ್ಕದ ಪಾತ್ರೆಗೆ ಉಗಿದು, ಮಾತು ಮುಂದುವರಿಸುವುದು ವಾಡಿಕೆಯಾಯಿತು. ಅದೇ ವರ್ಷ ಡಿಸ್ನಿಯ ಪಿನೋಕಿಯೋ ಚಿತ್ರದ ಬೆಕ್ಕೊಂದಕ್ಕೂ ಈತನು ಮಾತುಗಳನ್ನು ಮುದ್ರಿಸಿದ್ದನು. ಆ ಬೆಕ್ಕು ಮೂಕವಾಗಿದ್ದರೇ ಚೆನ್ನೆಂದು ಬಳಿಕ ಡಿಸ್ನಿಯವರಿಗೆ ತೋರಿತು. ಅಷ್ಟು ದಿನದ ದುಡಿಮೆಯಲ್ಲಿ ಚಿತ್ರದಲ್ಲಿ ಉಳಿದದ್ದು ಒಂದೇ ಒಂದು ಬಿಕ್ಕಳಿಕೆ!

ಈ ಚಿತ್ರಗಳಲ್ಲಿ ಮೊದಲು ಮಾತನ್ನು ಮುದ್ರಿಸುತ್ತಿದ್ದರು. ಚಿತ್ರ ಬರೆಯುವವರು ಆ ಮಾತಿಗೆ ತಕ್ಕಂತೆ ತುಟಿಯನ್ನೂ ಹುಬ್ಬನ್ನೂ ಕುಣಿಸುತ್ತಿದ್ದರು. ಡ್ಯಾಫಿ, ಟ್ವೀಟಿಗಳ ದನಿಯನ್ನು ಯಂತ್ರದಲ್ಲಿ ವೇಗ ಹೆಚ್ಚಿಸಿ ಹರಿತಗೊಳಿಸುತ್ತಿದ್ದರು. ಆಮೇಲೆ ಬರುತ್ತಿದ್ದುದು ಸಂಗೀತ. ಅದರ ಯಜಮಾನ ಕಾರ್ಲ್ ಸ್ಟಾಲಿಂಗ್. ಮೂಕಚಿತ್ರಗಳ ಕಾಲದಲ್ಲಿ ಕ್ಯಾನ್ಸಸ್ ಸಿಟಿಯ ಚಿತ್ರಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದವನೀತ. 1936ರಿಂದ 1958ರ ತನಕ ಆರುನೂರಕ್ಕೂ ಮಿಕ್ಕಿ ಚಿತ್ರಗಳಿಗೆ ಸಂಗೀತ ಕೂಡಿಸಿದನು. ಬೆಕ್ಕು ಜಾರಿದರೆ ಪಿಟೀಲು ಜಾರಬೇಕು, ಬಾಣಲೆ ತಲೆಗೆ ಬಡಿದರೆ ತಾಳ ಬೀಳಬೇಕು. 1950ರಲ್ಲಿ ರೊಸ್ಸೀನಿಯ ಗೀತನಾಟಕದ ಸಂಗೀತಕ್ಕೆ ಬಗ್ಸ್ ಬನ್ನಿ ಬೇಟೆಗಾರನ ಕ್ಷೌರ ಮಾಡಿದನು. 1957ರಲ್ಲಿ ಚಕ್ ಜೋನ್ಸನು ವಾಗ್ನರನ ಮಹಾಸಂಗೀತವನ್ನು ಏಳು ನಿಮಿಷಗಳಲ್ಲಿ ಹಿಡಿದಿಟ್ಟ ಚಿತ್ರಕ್ಕೆ ಸ್ಟಾಲಿಂಗನ ಸಹಾಯಕ ಮಿಲ್ಟ್ ಫ್ರಾಂಕ್ಲಿನ್ ಸಂಗೀತ ಹೊಂದಿಸಿದನು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಚೇರಿಯನ್ನೆಂದೂ ಕಾಣದ ಎಷ್ಟೋ ಮಕ್ಕಳು ಅದರ ಮೊದಲ ಪರಿಚಯ ಪಡೆದದ್ದು ಈ ಮೊಲದ ಕೈಯಿಂದಲೇ.

ಇನ್ನು ಹೆಸರಿನ ಮಾತು. ದುಡಿಮೆ ಹೆಚ್ಚಿದಂತೆ ಬ್ಲಾಂಕನು ಸಂಬಳ ಹೆಚ್ಚಿಸಬೇಕೆಂದು ಕೇಳಿದನು; ಶ್ಲೆಸಿಂಜರನು ಒಪ್ಪಲಿಲ್ಲ. ಹಾಗಾದರೆ ಪರದೆಯ ಮೇಲೆ ಹೆಸರನ್ನಾದರೂ ಹಾಕಿರೆಂದು ಕೇಳಲು, ಖರ್ಚಿಲ್ಲದ ಈ ಕೋರಿಕೆಗೆ ಒಡೆಯನು ಒಪ್ಪಿದನು. 1944ರಿಂದ ಆತನ ಹೆಸರು ಕಾಣಿಸತೊಡಗಿತು. ಬಾನುಲಿಯವರು ಹುಡುಕಿಕೊಂಡು ಬರತೊಡಗಿದರು. ಜ್ಯಾಕ್ ಬೆನ್ನಿಯ ಪ್ರಸಿದ್ಧ ಕಾರ್ಯಕ್ರಮದಲ್ಲಿ ಹಳೆಯ ಮೋಟಾರು ಕೆಮ್ಮಿ ಕೆಮ್ಮಿ ನಿಲ್ಲುವ ಸದ್ದನ್ನು ಕೂಡ ಬಾಯಿಂದಲೇ ಮಾಡಿ ಈತನು ಮನೆಮಾತಾದನು. ಆದರೆ ಈ ಮನ್ನಣೆ ಈತನೊಬ್ಬನಿಗೇ ಸಂದಿತು. ಬೇಟೆಗಾರ ಎಲ್ಮರ್ ಫಡ್‌ನ ದನಿಯಾಗಿದ್ದ ಆರ್ಥರ್ ಬ್ರಯನ್, ಅನೇಕ ಸ್ತ್ರೀಪಾತ್ರಗಳಿಗೆ ದನಿ ಕೊಟ್ಟ ಬೀ ಬೆನಡೆರೆಟ್ ಮತ್ತು ಜೂನ್ ಫೊರೇ ಬಹುಕಾಲ ಹೆಸರಿಲ್ಲದೆಯೇ ದುಡಿದರು. ಎಲ್ಮರನ ದನಿಯೂ ಬ್ಲಾಂಕನದೇ ಎಂದು ನಂಬಿದವರು ಬಹಳ ಮಂದಿ. ಒಬ್ಬನಿಗೆ ಬೆಳಕು ಬಿದ್ದಾಗ ಪಕ್ಕದವರ ಮೇಲೆ ನೆರಳು ಬೀಳುವುದುಂಟು.

ಇನ್ನೊಂದು ನೆರಳನ್ನೂ ಮುಚ್ಚಿಡಬಾರದು. ಆ ಕಾಲದ ಕೆಲವು ಚಿತ್ರಗಳು ಕರಿಯರನ್ನೂ, ಯುದ್ಧಕಾಲದಲ್ಲಿ ಜಪಾನೀಯರನ್ನೂ ಕೀಳಾಗಿ ಅಣಕಿಸಿದುವು. ಅವುಗಳಲ್ಲಿ ಹನ್ನೊಂದನ್ನು 1968ರಲ್ಲಿ ಪ್ರದರ್ಶನದಿಂದ ಹಿಂದೆಗೆಯಲಾಯಿತು. ಮತ್ತೊಂದು ಸೋಜಿಗವೂ ಉಂಟು. ಮೆಕ್ಸಿಕೋದ ಇಲಿ ಸ್ಪೀಡಿ ಗೊನ್ಸಾಲೆಸ್ ಅವಮಾನಕಾರಿಯೆಂದು ಅಮೆರಿಕದ ವಾಹಿನಿಯು 1999ರಲ್ಲಿ ಅದನ್ನು ನಿಲ್ಲಿಸಿದಾಗ, ಸ್ಪ್ಯಾನಿಷ್ ಮೂಲದ ಜನರೇ ಅದು ಬೇಕೆಂದು ಕೇಳಿದರು. 2002ರಲ್ಲಿ ಇಲಿ ಮರಳಿ ಬಂದಿತು. ಪರರ ನುಡಿಯನ್ನು ಅನುಕರಿಸುವುದು ಎಲ್ಲಿಯ ತನಕ ಪ್ರೀತಿ, ಎಲ್ಲಿಂದ ಹಂಗಿಕೆ? ನೆರೆಯವರ ಬಾಯಲ್ಲಿ ತಮ್ಮ ಉಚ್ಚಾರದ ಅಣಕವನ್ನು ಒಮ್ಮೆಯಾದರೂ ಕೇಳಿದ ವಲಸೆಗಾರರಿಗೆ ಈ ಪ್ರಶ್ನೆ ದೂರದ್ದಲ್ಲ.

1961ರ ಜನವರಿ 24ರ ರಾತ್ರಿ ಲಾಸ್ ಏಂಜಲೀಸಿನ ಸನ್‌ಸೆಟ್ ಹೆದ್ದಾರಿಯ ಅಪಾಯದ ತಿರುವಿನಲ್ಲಿ ಬ್ಲಾಂಕನ ಕಾರಿಗೆ ಎದುರಿನಿಂದ ಬಂದ ಕಾರು ಅಪ್ಪಳಿಸಿತು. ಕಾಲುಗಳು, ಸೊಂಟದ ಎಲುಬು ಮುರಿದುವು, ತಲೆಗೆ ಭಾರಿ ಪೆಟ್ಟು, ಪ್ರಜ್ಞೆ ತಪ್ಪಿತು. ಹೆಂಡತಿ ಎಸ್ಟೆಲ್, ಮಗ ನೋಯೆಲ್ ಹಾಸಿಗೆಯ ಬಳಿ ಕುಳಿತು ಕರೆದರು, ಕಾದರು. ಸುಮಾರು ಎರಡು ವಾರ ಕಳೆದರೂ ಉತ್ತರವಿಲ್ಲ. ಆಗ ವೈದ್ಯರೊಬ್ಬರಿಗೆ ಏನು ಹೊಳೆಯಿತೋ, ರೋಗಿಯನ್ನು ಆತನ ಹೆಸರಿನಿಂದ ಕರೆಯದೆ, ಬಗ್ಸ್ ಬನ್ನಿಯೇ ಹೇಗಿದ್ದೀಯೆ ಎಂದು ವಿಚಾರಿಸಿದರು. ತುಸು ಹೊತ್ತಿನ ಮೇಲೆ ಕ್ಷೀಣವಾದ ದನಿಯೊಂದು ಹೊರಟಿತು. ಅದು ಬ್ಲಾಂಕನ ದನಿಯಲ್ಲ, ಮೊಲದ ದನಿ. ವೈದ್ಯರು ಟ್ವೀಟಿಯನ್ನು ಕರೆದರು, ಟ್ವೀಟಿಯೂ ಓಗೊಟ್ಟಿತು. ಯಾರಿಗೆ ಈತನು ಇಪ್ಪತ್ತು ವರ್ಷ ಉಸಿರು ಕೊಟ್ಟಿದ್ದನೋ ಅವರೇ ಈತನನ್ನು ಕೈಹಿಡಿದು ಈಚೆಗೆ ತಂದರೆಂದು ಮನೆಯವರು ನಂಬಿದರೆ ಆಶ್ಚರ್ಯವೇನು?

ಮೈಯೆಲ್ಲ ಪ್ಲಾಸ್ಟರಿನಲ್ಲಿ ಬಿಗಿದು ಮನೆಯಲ್ಲಿ ಮಲಗಿದ್ದಾಗಲೂ ಆತನ ಕಾಯಕ ನಿಲ್ಲಲಿಲ್ಲ. ಫ್ಲಿಂಟ್‌ಸ್ಟೋನ್ಸ್ ಎಂಬ ಟಿ.ವಿ. ಮಾಲಿಕೆಯಲ್ಲಿ ಬಾರ್ನಿಯ ಪಾತ್ರ ಈತನದು. ಕೆಲವು ಕಂತುಗಳಿಗೆ ಡಾಸ್ ಬಟ್ಲರ್ ಎಂಬ ಸಹಕಲಾವಿದನು ದನಿ ಕೊಟ್ಟು ಆತನ ಸ್ಥಾನವನ್ನು ಕಾದನು. ಬಳಿಕ ಉಳಿದ ನಟರೇ ಬ್ಲಾಂಕನ ಮನೆಗೆ ಬಂದು ಹಾಸಿಗೆಯ ಸುತ್ತ ನಿಂತರು. ಧ್ವನಿಗ್ರಾಹಕವನ್ನು ಮಲಗಿದವನ ಬಾಯಿಯ ಮೇಲೆ ಇಳಿಬಿಟ್ಟರು. ಟಿ.ವಿ. ನೋಡುತ್ತಿದ್ದ ಮಕ್ಕಳಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

1988ರ ಚಿತ್ರವೊಂದರಲ್ಲಿ ತನ್ನ ಹಳೆಯ ಪಾತ್ರಗಳಿಗೆ ಎಂಬತ್ತರ ವಯಸ್ಸಿನಲ್ಲಿ ಮತ್ತೆ ದನಿ ಕೊಟ್ಟನು. 1989ರ ಜುಲೈ 10ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡನು. ಚಿತ್ರ ಮುಗಿಯಿತೆಂದು ಸಾರಲು ಪೋರ್ಕಿ ಹಂದಿ ಕಡೆಯಲ್ಲಿ ಹೇಳುತ್ತಿದ್ದ ಆ ಬೀಳ್ಕೊಡುಗೆಯ ಮಾತೇ, ಆತನ ಇಚ್ಛೆಯಂತೆ, ಹಾಲಿವುಡ್ಡಿನ ಸಮಾಧಿಶಿಲೆಯ ಮೇಲಿದೆ. ವಾರ್ನರ್ ಚಿತ್ರಶಾಲೆಯ ಕಲಾವಿದರು ಒಂದು ಚಿತ್ರ ಬರೆದರು: ಬರಿದಾದ ಧ್ವನಿಗ್ರಾಹಕ, ಅದರ ಮುಂದೆ ತಲೆ ತಗ್ಗಿಸಿ ನಿಂತ ಮೊಲ, ಬಾತು, ಬೆಕ್ಕು, ಹಕ್ಕಿ. ಅದರಲ್ಲಿ ಯಾರೂ ಮಾತನಾಡುವುದಿಲ್ಲ.

ವಾಚಕರು ಇಸವಿಗಳನ್ನು ಗಮನಿಸಬೇಕು. ಮುದ್ರಿತ ಚಿತ್ರಗಳ ಮೂಲಕ ಆ ಕಂಠವು ನಮ್ಮ ಮನೆಗಳನ್ನು ತುಂಬುವ ಹೊತ್ತಿಗೆ ಅದರ ಒಡೆಯನು ಕಾಲವಾಗಿ ಆರು ವರ್ಷಗಳಾಗಿದ್ದುವು. ಅಂದು ಟಿ.ವಿ.ಯ ಮುಂದೆ ಕೂತಿದ್ದ ಮಕ್ಕಳು ಇಂದು ತಾಯಿತಂದೆಯರಾಗಿದ್ದಾರೆ. ಬಾಗಿಲಲ್ಲಿ ನಿಂತು ನಕ್ಕವರಲ್ಲಿ ಕೆಲವರು ಇಂದು ನಮ್ಮೊಡನಿಲ್ಲ. ಆದರೂ ಆ ಮೊಲದ ಮಾತು ಎಲ್ಲಿಯಾದರೂ ಕೇಳಿದರೆ ಆ ಸಂಜೆ, ಆ ಮನೆ, ಅಡಿಗೆಮನೆಯಿಂದ ಊಟಕ್ಕೆ ಕರೆಯುತ್ತಿದ್ದ ಅಮ್ಮನ ಕನ್ನಡ, ಎಲ್ಲವೂ ಒಟ್ಟಿಗೆ ಮರಳುತ್ತವೆ. ಮನುಷ್ಯನಲ್ಲಿ ಕಡೆಯವರೆಗೆ ಉಳಿಯುವುದು ಕಿವಿಗೆ ಬಿದ್ದ ದನಿ. ಪ್ರಜ್ಞೆ ತಪ್ಪಿ ಮಲಗಿದವನನ್ನೂ ಅದು ಎಚ್ಚರಿಸಬಲ್ಲುದು. ಬೀದಿಯ ನುಡಿಗಳೆಲ್ಲವನ್ನೂ ನಮ್ಮ ಮಕ್ಕಳು ಬ್ಲಾಂಕನಂತೆಯೇ ಕಿವಿದೆರೆದು ಕಲಿಯಲಿ. ಅವರನ್ನು ಕರೆದರೆ ಓಗೊಡುವ ದನಿಗಳಲ್ಲಿ ಕನ್ನಡವೂ ಒಂದಾಗಿರುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.