ಆನ್ಸೆಲ್ ಆಡಮ್ಸ್

ಛಾಯಾಚಿತ್ರವು ಯಂತ್ರದ ಕೆಲಸ, ಮನುಷ್ಯನು ಗುಂಡಿಯನ್ನೊತ್ತುವವನು ಮಾತ್ರ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಅಂತಹವರು ಅಮೆರಿಕದ ಆನ್ಸೆಲ್ ಆಡಮ್ಸರ ಚರಿತ್ರೆಯನ್ನು ಅವಶ್ಯವಾಗಿ ಅವಲೋಕಿಸಬೇಕು.

ಇವರು 1902ನೆಯ ಇಸವಿ ಫೆಬ್ರವರಿ 20ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದರು. 1906ರ ಭೂಕಂಪದ ಕಾಲದಲ್ಲಿ ತೋಟದ ಗೋಡೆಗೆ ಅಪ್ಪಳಿಸಿ ಮುರಿದ ಮೂಗು ಕಡೆಯವರೆಗೂ ಸೊಟ್ಟಾಗಿಯೇ ಉಳಿಯಿತು. ಶಾಲೆ ಒಗ್ಗಲಿಲ್ಲ. ಪಿಯಾನೋ ವಾದನದಿಂದಲೇ ಜೀವಿಸಬೇಕೆಂದು ಬಹುಕಾಲ ಸಾಧನೆ ಮಾಡಿದರು. ಆದರೆ 1916ರಲ್ಲಿ ಯೊಸೆಮಿಟಿ ಕಣಿವೆಗೆ ಹೋದಾಗ ತಂದೆತಾಯಿಗಳು ಕೊಡಿಸಿದ ಕೊಡಕ್ ಪೆಟ್ಟಿಗೆ ಕ್ಯಾಮೆರಾ ಆ ಸಂಕಲ್ಪವನ್ನು ಮೆಲ್ಲಮೆಲ್ಲನೆ ಕದಲಿಸಿತು. ಸಂಗೀತಾಭ್ಯಾಸ ವ್ಯರ್ಥವಾಗಲಿಲ್ಲ, ಸ್ವರಲಿಪಿಗೂ ವಾದನಕ್ಕೂ ಇರುವ ಸಂಬಂಧವೇ ನೆಗೆಟಿವಿಗೂ ಪ್ರಿಂಟಿಗೂ ಉಂಟೆಂಬುದು ಅವರ ಮತವಾಯಿತು.

1927ರ ಏಪ್ರಿಲಿನಲ್ಲಿ, ಆ ಕಣಿವೆಯ ಹಾಫ್ ಡೋಮ್ ಎಂಬ ಮಹಾಶಿಲೆಯನ್ನು ಚಿತ್ರಿಸಲು ಗಾಜಿನ ಪ್ಲೇಟುಗಳನ್ನು ಹೊತ್ತು ಹಿಮದಲ್ಲಿ ಬೆಟ್ಟವನ್ನೇರಿದರು. ಶಿಲೆಯ ಮೇಲೆ ಬಿಸಿಲು ಬೀಳುವ ವೇಳೆಗೆ ಎರಡೇ ಪ್ಲೇಟುಗಳು ಉಳಿದಿದ್ದವು. ಒಂದನ್ನು ಹಳದಿ ಫಿಲ್ಟರಿನೊಡನೆ ತೆಗೆದರು. ತೆಗೆದೊಡನೆಯೇ, ತಮ್ಮ ಮನಸ್ಸಿನಲ್ಲಿ ಮೂಡಿದ ಗಾಂಭೀರ್ಯ ಇದರಲ್ಲಿ ಬಾರದೆಂದು ಹೊಳೆಯಿತು. ಕೆಂಪು ಫಿಲ್ಟರಾದರೆ ನೀಲಿ ಬೆಳಕನ್ನು ತಡೆದು ಆಕಾಶವನ್ನು ಕಪ್ಪಾಗಿಸುವುದು; ಆದರೆ ಬೆಳಕು ಬಹಳ ತಗ್ಗುವುದರಿಂದ ಪ್ಲೇಟನ್ನು ಹೆಚ್ಚು ಹೊತ್ತು ತೆರೆದಿಡಬೇಕು, ಗಾಳಿಗೆ ಕ್ಯಾಮೆರಾ ಅಲುಗಿದರೆ ಎಲ್ಲವೂ ಕೆಟ್ಟಂತೆಯೇ. ಕಡೆಯ ಪ್ಲೇಟನ್ನು ಈ ಸಾಹಸಕ್ಕೆ ಒಡ್ಡಿದರು. ಆ ಚಿತ್ರವೇ ಅವರನ್ನು ಕಲಾವಿದರನ್ನಾಗಿ ಮಾಡಿತು.

ಆಕಾಶವು ಅಂದು ಕಪ್ಪಾಗಿರಲಿಲ್ಲವಲ್ಲ, ಇದು ಅನೃತವಲ್ಲವೆ ಎಂದು ವಾಚಕರು ಕೇಳಬಹುದು. ಸಕಲ ವರ್ಣಗಳನ್ನೂ ಬೂದುಬಣ್ಣಕ್ಕೆ ಇಳಿಸುವ ಕಲೆಯಲ್ಲಿ ಯಥಾವತ್ತಾದ ಆಕಾಶವೆಲ್ಲಿ? ಎಷ್ಟು ಕಪ್ಪು, ಎಷ್ಟು ಬಿಳುಪು ಎಂಬುದನ್ನು ಯಾರಾದರೊಬ್ಬರು ನಿರ್ಧರಿಸಲೇಬೇಕು. ಆಡಮ್ಸರು ಆ ಅಧಿಕಾರವನ್ನು ಫಿಲ್ಮು ತಯಾರಿಸುವ ಕಂಪನಿಗಳಿಗೆ ಬಿಟ್ಟುಕೊಡಲಿಲ್ಲ. 1940ರ ಸುಮಾರಿಗೆ ಫ್ರೆಡ್ ಆರ್ಚರರೊಡನೆ ಕಡುಗಪ್ಪಿನಿಂದ ಶುದ್ಧ ಬಿಳುಪಿನವರೆಗೆ 11 ಮೆಟ್ಟಿಲುಗಳ ಕ್ರಮವೊಂದನ್ನು ಏರ್ಪಡಿಸಿದರು. ನೆರಳಿನ ವಿವರ ಉಳಿಯುವಷ್ಟು ಬೆಳಕು ಕೊಡುವುದು, ಬಿಳುಪಿನ ಭಾಗಕ್ಕೆ ತಕ್ಕಂತೆ ಫಿಲ್ಮನ್ನು ರಸಾಯನದಲ್ಲಿಡುವ ಕಾಲವನ್ನು ಹೆಚ್ಚಿಸುವುದು ಅಥವಾ ತಗ್ಗಿಸುವುದು, ಇದೇ ಅದರ ಸಾರ.

ಈ ಶಿಸ್ತಿನ ಫಲ 1941ರ ನವೆಂಬರ್ 1ರ ಸಂಜೆ ಕಂಡಿತು. ನ್ಯೂ ಮೆಕ್ಸಿಕೋ ಪ್ರಾಂತದ ಹೆರ್ನಾಂಡೆಜ್ ಗ್ರಾಮದ ಬಳಿ ಮೋಟಾರಿನಲ್ಲಿ ಬರುತ್ತಿರಲು, ಚಂದ್ರೋದಯವಾಗಿತ್ತು. ಸಮಾಧಿಗಳ ಶಿಲುಬೆಗಳ ಮೇಲೆ ಕಡೆಯ ಬಿಸಿಲು ಹೊಳೆಯುತ್ತಿತ್ತು. ಬೆಳಕನ್ನಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶದ ಪ್ರಮಾಣ ನೆನಪಿನಲ್ಲಿದ್ದುದರಿಂದ, ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಿ ಫಿಲ್ಮಿಗೆ ಒಂದು ಸೆಕೆಂಡು ಬೆಳಕು ಕೊಟ್ಟರು. ಎರಡನೆಯ ಚಿತ್ರಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಶಿಲುಬೆಗಳನ್ನು ಬಿಟ್ಟುಹೋಗಿತ್ತು.

ಯುದ್ಧಕಾಲದಲ್ಲಿ ಜಪಾನೀ ಮೂಲದ ಪ್ರಜೆಗಳನ್ನು ಅಮೆರಿಕ ಸರ್ಕಾರವು ಶಿಬಿರಗಳಲ್ಲಿ ಕೂಡಿಹಾಕಿದಾಗ, ಆಡಮ್ಸರು 1943ರಲ್ಲಿ ಮಾಂಜನಾರ್ ಶಿಬಿರಕ್ಕೆ ಹೋದರು. ಮುಳ್ಳುತಂತಿಯನ್ನೂ ಕಾವಲು ಗೋಪುರಗಳನ್ನೂ ಚಿತ್ರಿಸಲು ಅನುಮತಿಯಿರಲಿಲ್ಲ. ಅವರು ತುಂಬು ಬೆಳಕಿನಲ್ಲಿ ಆ ಜನರ ಮುಖಗಳನ್ನು ತೆಗೆದು, 1944ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ದುಃಖವನ್ನು ಮರೆಮಾಡಿದರೆಂಬ ಆಕ್ಷೇಪ ಬಂದಿತು. ಅದು ನಿರಾಧಾರವೆನ್ನಲಾರೆವು, ಆದರೂ ದೇಶವೆಲ್ಲ ಶತ್ರುಗಳೆಂದು ಶಂಕಿಸುತ್ತಿದ್ದವರನ್ನು ಮಾನವಂತರಾದ ಪ್ರಜೆಗಳೆಂದು ತೋರಿಸಲು ಧೈರ್ಯ ಬೇಕಾಗಿತ್ತು.

1984ರ ಏಪ್ರಿಲ್ 22ರಂದು ಅವರು ಕಾಲವಶರಾದರು. ಅಷ್ಟರೊಳಗೆ ಹೆರ್ನಾಂಡೆಜ್ ಚಂದ್ರೋದಯದ ಒಂದೇ ನೆಗೆಟಿವಿನಿಂದ ಸಾವಿರಕ್ಕೂ ಮಿಕ್ಕಿ ಪ್ರಿಂಟುಗಳನ್ನು ತೆಗೆದಿದ್ದರು. 1948ರಲ್ಲಿ ಅದರ ಕೆಳಭಾಗವನ್ನು ರಸಾಯನದಿಂದ ಗಾಢಗೊಳಿಸಿದ್ದೂ ಉಂಟು. ಮೊದಲ ಪ್ರಿಂಟುಗಳಲ್ಲಿ ಆಕಾಶವು ತಿಳಿಯಾಗಿದ್ದು ಮೋಡಗಳ ಎಳೆಗಳು ಕಾಣುವುವು. ವಯಸ್ಸಾದಂತೆ ಆಕಾಶವನ್ನು ಕಪ್ಪುಮಾಡುತ್ತ ಹೋದರು, ಕಡೆಗೆ ಚಂದ್ರನ ಮೇಲೆಲ್ಲ ಬರಿಯ ಇರುಳು. ಜಗತ್ತು ಆ ಕಡೆಯ ಪ್ರಿಂಟುಗಳನ್ನೇ ಮೆಚ್ಚಿತು. ನಮ್ಮ ಒಲವು ಮೋಡಗಳಿರುವ ಮೊದಲಿನದಕ್ಕೆ.