ಬ್ಯಾಂಡಿನ ಧಾಟಿಗೆ ಬಗ್ಗಿದರೇ ದೀಕ್ಷಿತರು?

ಸಯ್ಯಾಜಿರಾವ್ ರಸ್ತೆಯಲ್ಲಿ ಸಣ್ಣದೊಂದು ಜವಳಿ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಮೊನ್ನೆ ಸಂಜೆ ನಮ್ಮನ್ನು ದಾರಿಯಲ್ಲೇ ಹಿಡಿದು ನಿಲ್ಲಿಸಿದರು. ಗಿರಾಕಿಗಳಿದ್ದರೂ ಅವರಿಗೆ ವ್ಯಾಪಾರದ ಕಡೆ ಗಮನವಿರಲಿಲ್ಲ. ವಿಷಯ ಇಷ್ಟೆ. ಅವರ ಒಂಬತ್ತು ವರ್ಷದ ಮಗಳು ಒಂದು ಸಂಗೀತ ಸ್ಪರ್ಧೆಗೆ ಹೋಗಿದ್ದಳಂತೆ. ಮುತ್ತುಸ್ವಾಮಿ ದೀಕ್ಷಿತರ ಶ್ಯಾಮಲೇ ಮೀನಾಕ್ಷಿ ಹಾಡಿದಳಂತೆ. ಸಭೆಯ ಹಿಂದೆ ಕುಳಿತ ಹುಡುಗರು ಇದು ಟ್ವಿಂಕಲ್ ಟ್ವಿಂಕಲ್ ಅಂತ ನಕ್ಕರಂತೆ. ತೀರ್ಪುಗಾರರೂ ಇದು ಇಂಗ್ಲಿಷ್ ಶಿಶುಗೀತೆಯ ನಕಲು, ಶಾಸ್ತ್ರೀಯ ಅಲ್ಲ ಅಂದು ಕೈಬಿಟ್ಟರಂತೆ. ಮಗು ಅವತ್ತಿನಿಂದ ಪಾಠದ ಮನೆಗೆ ಹೋಗುವುದಿಲ್ಲ ಅಂತ ಹಠ ಹಿಡಿದು ಕೂತಿದೆ.

ಅಲ್ಲ ಸ್ವಾಮಿ, ಅಷ್ಟು ದೊಡ್ಡ ದೀಕ್ಷಿತರು ನಕಲು ಹೊಡೆದರೇ, ಇದು ನಿಜವೇ ಅಂತ ಆ ತಂದೆಯ ಪ್ರಶ್ನೆ.

ಪ್ರಶ್ನೆ ಒಂದು ಮನೆಯದಾದರೂ ಉತ್ತರ ಊರಿಗೆಲ್ಲ ಬೇಕಾದ್ದು. ಆದ್ದರಿಂದ ಇಂದಿನ ಅಂಕಣ ಅದಕ್ಕೇ ಮೀಸಲು.

ತಿರುವಾರೂರಿನ ಮೂವರು

ತಂಜಾವೂರು ಸೀಮೆಯ ತಿರುವಾರೂರು ಅಂದರೆ ಸಂಗೀತದವರಿಗೆ ಕಾಶಿ ಇದ್ದ ಹಾಗೆ. ಕರ್ನಾಟಕ ಸಂಗೀತದ ಮೂವರು ದೊಡ್ಡವರು, ಶ್ಯಾಮಾಶಾಸ್ತ್ರಿಗಳು, ತ್ಯಾಗರಾಜರು, ದೀಕ್ಷಿತರು, ಮೂವರೂ ಹುಟ್ಟಿದ್ದು ಆ ಒಂದೇ ಊರಿನಲ್ಲಿ, ಅದೂ ಹದಿನೈದು ವರ್ಷದೊಳಗೆ. ಮೂವರಲ್ಲಿ ಕಿರಿಯರು ಮುತ್ತುಸ್ವಾಮಿ. ಹುಟ್ಟಿದ್ದು 1775ರಲ್ಲಿ. ತಂದೆ ರಾಮಸ್ವಾಮಿ ದೀಕ್ಷಿತರೇನು ಸಾಮಾನ್ಯರೇ? ಇಂದು ಯಾವ ಕಚೇರಿಗೆ ಹೋದರೂ ಕಿವಿಗೆ ಬೀಳುವ ಹಂಸಧ್ವನಿ ರಾಗವನ್ನು ಕೊಟ್ಟವರೇ ಅವರು ಅನ್ನುತ್ತಾರೆ. ಅದೇ ರಾಗದಲ್ಲಿ ಮಗ ವಾತಾಪಿ ಗಣಪತಿಂ ಮಾಡಿದರು. ವಾತಾಪಿ ಎಂದರೆ ಯಾವುದು ಗೊತ್ತಲ್ಲ, ನಮ್ಮ ಬಾದಾಮಿ. ಪಲ್ಲವರ ಸೇನಾಪತಿ ಬಾದಾಮಿ ಗೆದ್ದಾಗ ಅಲ್ಲಿಂದ ಒಯ್ದ ಗಣಪ ಅವನು ಅಂತ ಆ ಸೀಮೆಯವರ ಪ್ರತೀತಿ.

ಮದರಾಸಿನ ಬಳಿ ಮಣಲಿ ಅಂತ ಒಂದು ಊರು. ಅಲ್ಲಿನ ಜಮೀನ್ದಾರ ಮುತ್ತುಕೃಷ್ಣ ಮೊದಲಿಯಾರರು ಕಂಪನಿ ಸರ್ಕಾರದವರಿಗೆ ದುಭಾಷಿ, ಅಂದರೆ ಇಂಗ್ಲಿಷರಿಗೂ ನಮ್ಮವರಿಗೂ ನಡುವೆ ನಿಂತು ವ್ಯವಹಾರ ಕುದುರಿಸುವವರು. ಸಂಗೀತದ ಹುಚ್ಚಿನ ಮನುಷ್ಯ. ಅವರು ರಾಮಸ್ವಾಮಿ ದೀಕ್ಷಿತರ ಸಂಸಾರವನ್ನು ಕರೆಸಿ ಮಣಲಿಯಲ್ಲಿ ಇಟ್ಟುಕೊಂಡರು. ಮುತ್ತುಸ್ವಾಮಿ, ತಮ್ಮಂದಿರಾದ ಚಿನ್ನಸ್ವಾಮಿ ಮತ್ತು ಬಾಲುಸ್ವಾಮಿ ಅಲ್ಲಿ ಬೆಳೆದರು. ಈ ಮಣಲಿಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿಗೆ ಬಂದ ಚಿದಂಬರನಾಥ ಯೋಗಿಗಳು ಮುತ್ತುಸ್ವಾಮಿಯನ್ನು ಕಾಶಿಗೆ ಕರೆದುಕೊಂಡು ಹೋದರು. ಒಂದೆರಡು ತಿಂಗಳ ಯಾತ್ರೆಯಲ್ಲ, ವರ್ಷಗಟ್ಟಲೆ ವಾಸ. ವೇದಾಂತ, ಶ್ರೀವಿದ್ಯೆ ಕಲಿತರು. ಉತ್ತರಾದಿಯ ಧ್ರುಪದ ಗಾಯನ ಕಿವಿತುಂಬ ಕೇಳಿದರು. ಹಿಂತಿರುಗಿ ಬಂದು ತಿರುತ್ತಣಿಯ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ಕೃತಿ ಕಟ್ಟುವುದಕ್ಕೆ ಶುರು ಮಾಡಿದರು. ಗುರುಗುಹ ಎಂಬ ಅಂಕಿತ ಅಲ್ಲಿಂದ ಬಂದದ್ದು.

ತೇರಿನ ನಡಿಗೆ

ದೀಕ್ಷಿತರ ಕೃತಿ ಕೇಳಿದವರಿಗೆ ಅದರ ನಡಿಗೆ ಗೊತ್ತು. ತೇರು ಎಳೆದ ಹಾಗೆ. ಆತುರವಿಲ್ಲ, ಓಟವಿಲ್ಲ. ಹಗ್ಗ ಬಿಗಿಯಾಗುತ್ತದೆ, ಚಕ್ರ ಒಂದು ಸುತ್ತು ಉರುಳುತ್ತದೆ, ನಿಲ್ಲುತ್ತದೆ, ಮತ್ತೆ ಉರುಳುತ್ತದೆ. ಅವರು ಕೈಯಲ್ಲಿ ವೀಣೆ ಹಿಡಿದವರು. ವೀಣೆಯ ತಂತಿಯನ್ನು ಎಳೆದಾಗ ಸ್ವರ ಹೇಗೆ ತೂಗುತ್ತದೋ ಹಾಗೆ ಅವರ ಹಾಡಿನ ಪ್ರತಿಯೊಂದು ಸ್ವರವೂ ತೂಗುತ್ತದೆ. ಸಂಗೀತದವರು ಇದಕ್ಕೆ ಗಮಕ ಅನ್ನುತ್ತಾರೆ. ಭಾಷೆ ಹೆಚ್ಚಾಗಿ ಸಂಸ್ಕೃತ. ಕ್ಷೇತ್ರ, ದೇವರು, ಮಂತ್ರ, ರಾಗದ ಹೆಸರು ಎಲ್ಲವನ್ನೂ ಸಾಹಿತ್ಯದೊಳಗೆ ಹೆಣೆದಿರುತ್ತಾರೆ. ತಿರುವಾರೂರಿನ ಕಮಲಾಂಬೆಯ ಮೇಲಿನ ನವಾವರಣ ಕೃತಿಗಳು, ಗ್ರಹಗಳ ಮೇಲಿನ ಕೃತಿಗಳು, ಇವನ್ನು ಕಲಿಯಲು ದೊಡ್ಡ ವಿದ್ವಾಂಸರೂ ವರ್ಷಾನುಗಟ್ಟಲೆ ಬೆವರು ಸುರಿಸಬೇಕು.

ಇಂಥ ಮನುಷ್ಯರೇ ಇನ್ನೊಂದು ಬಗೆಯ ಹಾಡುಗಳನ್ನೂ ಮಾಡಿದ್ದಾರೆ ಅಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ಪುಟ್ಟ ಪುಟ್ಟ ಹಾಡುಗಳು. ಎರಡು ನಿಮಿಷದಲ್ಲಿ ಮುಗಿದುಹೋಗುತ್ತವೆ. ಸ್ವರ ತೂಗುವುದಿಲ್ಲ, ಸೋಲ್ಜರು ಕವಾಯತು ಮಾಡಿದಂತೆ ಟಕ್ ಟಕ್ ಅಂತ ಹೆಜ್ಜೆ ಇಡುತ್ತದೆ. ಕೆಲವು ಕುಣಿಯುತ್ತವೆ. ಇಂಥವು ಸುಮಾರು 40. ಇವಕ್ಕೆ ನೊಟ್ಟುಸ್ವರ ಅಂತ ಹೆಸರು. ನೊಟ್ಟು ಅಂದರೆ ಬೇರೇನೂ ಅಲ್ಲ, ಇಂಗ್ಲಿಷಿನ ನೋಟ್ ನಮ್ಮ ಬಾಯಲ್ಲಿ ಹೊರಳಿದ್ದು. ಮಕ್ಕಳಿಗೆ ಕಲಿಸುವ ಶಕ್ತಿಸಹಿತ ಗಣಪತಿಂ ಕೂಡ ಈ ಗುಂಪಿನದೇ.

ಕೋಟೆಯ ಬ್ಯಾಂಡು

ಇವು ಎಲ್ಲಿಂದ ಬಂದವು? ಈಗ ಮಣಲಿಯ ಮಾತಿಗೆ ಬರೋಣ. ಮೊದಲಿಯಾರರ ಮಗ ವೆಂಕಟಕೃಷ್ಣ ಮೊದಲಿಯಾರರಿಗೂ ಕಂಪನಿಯ ಸಂಪರ್ಕ. ಮದರಾಸಿನ ಸೇಂಟ್ ಜಾರ್ಜ್ ಕೋಟೆಗೆ ಹೋಗುವಾಗ ದೀಕ್ಷಿತರ ಮನೆಯ ಹುಡುಗರನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಕೋಟೆಯಲ್ಲಿ ಸಿಪಾಯಿಗಳ ಬ್ಯಾಂಡು. ಐರ್ಲೆಂಡಿನ ಧಾಟಿ, ಸ್ಕಾಟ್ಲೆಂಡಿನ ಕುಣಿತ, ಇಂಗ್ಲಿಷರ ರಾಜಗೀತೆ, ಎಲ್ಲವೂ ಅಲ್ಲಿ ಮೊಳಗುತ್ತಿದ್ದವು.

ಹುಡುಗರು ಕಿವಿ ಮುಚ್ಚಿಕೊಂಡು ಮನೆಗೆ ಓಡಲಿಲ್ಲ. ಕಿರಿಯ ತಮ್ಮ ಬಾಲುಸ್ವಾಮಿ ಅಲ್ಲಿ ಕಂಡ ಪಿಟೀಲಿಗೆ ಮನಸೋತ. ಯೂರೋಪಿನವನೊಬ್ಬನಿಂದ ಕೆಲವು ವರ್ಷ ಪಾಠ ಹೇಳಿಸಿಕೊಂಡ. ನಮ್ಮ ರಾಗಕ್ಕೆ ಅದನ್ನು ಒಗ್ಗಿಸಿದ ಮೊದಲಿಗರಲ್ಲಿ ಅವನೂ ಒಬ್ಬ. ಇಂದು ಪಿಟೀಲಿಲ್ಲದ ಕಚೇರಿ ಉಂಟೆ? ನಮ್ಮ ತಿರುಮಕೂಡಲಿನ ಚೌಡಯ್ಯನವರು ಏಳು ತಂತಿ ಕಟ್ಟಿ ನುಡಿಸಿ ಹೆಸರಾದದ್ದೂ ಇದೇ ಪಿಟೀಲಿನಲ್ಲಿ. ಪಿಟೀಲು ಪರದೇಶದ್ದು ಅಂತ ಯಾರೂ ಬಹುಮಾನ ತಪ್ಪಿಸುವುದಿಲ್ಲ!

ಅಣ್ಣ ಮುತ್ತುಸ್ವಾಮಿ ಇನ್ನೊಂದು ಕೆಲಸ ಮಾಡಿದರು. ಬ್ಯಾಂಡಿನ ಆ ಧಾಟಿಗಳನ್ನು ತೆಗೆದುಕೊಂಡು ಅವಕ್ಕೆ ಸಂಸ್ಕೃತದ ಸಾಹಿತ್ಯ ಕೂರಿಸಿದರು. ಇಂಗ್ಲಿಷರ ಆ ಸ್ವರಮೇಳ ನಮ್ಮ ಶಂಕರಾಭರಣಕ್ಕೆ ಹತ್ತಿರ ಅನ್ನುವುದು ಅವರ ಕಿವಿಗೆ ಗೊತ್ತಾಯಿತು. ಹಾಗಾಗಿ ನೊಟ್ಟುಸ್ವರಗಳೆಲ್ಲ ಶಂಕರಾಭರಣದಲ್ಲೇ ಇವೆ. ಪಲ್ಲವಿ, ಅನುಪಲ್ಲವಿ, ಚರಣ ಅನ್ನುವ ಕಟ್ಟೂ ಹೆಚ್ಚಾಗಿ ಇಲ್ಲ, ಧಾಟಿ ಹೋದ ಹಾಗೆ ಮಾತು. ಆದರೆ ಮಾತು ಮಾತ್ರ ಪೂರ್ತಿ ದೀಕ್ಷಿತರದೇ. ಗಣಪತಿ, ದೇವಿ, ರಾಮ, ಸುಬ್ರಹ್ಮಣ್ಯ. ಎಷ್ಟೋ ಹಾಡುಗಳಲ್ಲಿ ಗುರುಗುಹ ಅಂಕಿತವನ್ನೂ ಬಿಟ್ಟಿಲ್ಲ.

ಒಂದು ಉದಾಹರಣೆ ಸಾಕು. ದೊರೆಯನ್ನು ದೇವರು ಕಾಪಾಡಲಿ ಅನ್ನುವುದು ಇಂಗ್ಲಿಷರ ರಾಜಗೀತೆ. ಕೋಟೆಯಲ್ಲಿ ಅದು ಬಾರಿಸಿದರೆ ಎಲ್ಲರೂ ಟೋಪಿ ತೆಗೆದು ನಿಲ್ಲಬೇಕು. ದೀಕ್ಷಿತರು ಅದೇ ಧಾಟಿಗೆ ಸಂತತಂ ಪಾಹಿಮಾಂ ಅಂತ ಹಾಡು ಕಟ್ಟಿದರು. ಅಲ್ಲಿ ಕಾಪಾಡಬೇಕಾದವನು ದೊರೆ. ಇಲ್ಲಿ ಕಾಪಾಡುವವಳು ಸಂಗೀತದ ತಾಯಿ ಶ್ಯಾಮಲೆ. ಸೀಮೆಗೆ ಸೀಮೆಯೇ ಕಂಪನಿಯ ಕೈಗೆ ಹೋಗುತ್ತಿದ್ದ ಕಾಲ ಅದು. 1799ರಲ್ಲಿ ಇಲ್ಲಿ ಶ್ರೀರಂಗಪಟ್ಟಣ ಬಿತ್ತು, ಅದೇ ವರ್ಷ ತಂಜಾವೂರಿನ ಆಡಳಿತವೂ ಕಂಪನಿಗೆ ಸೇರಿತು. ಊರು ಕಳೆದುಕೊಂಡ ಜನ ಬ್ಯಾಂಡಿಗೆ ಹೆದರುತ್ತಿದ್ದಾಗ ಈ ಮನುಷ್ಯ ಆ ಬ್ಯಾಂಡಿನ ರಾಜಗೀತೆಯನ್ನೇ ದೇವಿಯ ಮುಂದೆ ತಂದು ನಿಲ್ಲಿಸಿದ. ಇದನ್ನು ನಕಲು ಅನ್ನಬೇಕೋ, ಗೆಲುವು ಅನ್ನಬೇಕೋ, ಓದುಗರೇ ತೀರ್ಮಾನಿಸಲಿ.

ಟ್ವಿಂಕಲ್ ಲೆಕ್ಕ

ಈಗ ಮಗುವಿನ ಹಾಡಿಗೆ ಬರೋಣ. ಶ್ಯಾಮಲೇ ಮೀನಾಕ್ಷಿಯ ಧಾಟಿ ಟ್ವಿಂಕಲ್ ಟ್ವಿಂಕಲ್ ಧಾಟಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ತಾರೀಖು ನೋಡಿ. ಆ ಧಾಟಿ ಮೂಲದಲ್ಲಿ ಇಂಗ್ಲಿಷರದಲ್ಲ, ಫ್ರಾನ್ಸಿನದು. ಅಲ್ಲಿ 1761ರಲ್ಲೇ ಅಚ್ಚಾಗಿತ್ತು. ಮೊಜಾರ್ಟ್ ಎಂಬ ಹೆಸರಾಂತ ಸಂಗೀತಗಾರನೂ ಅದನ್ನೇ ಎತ್ತಿಕೊಂಡು ನುಡಿಸಿದ್ದುಂಟು. ಟ್ವಿಂಕಲ್ ಪದ್ಯ ಇಂಗ್ಲೆಂಡಿನಲ್ಲಿ ಬರೀ ಪದ್ಯವಾಗಿ ಬಂದದ್ದು 1806ರಲ್ಲಿ. ಪದ್ಯವೂ ಧಾಟಿಯೂ ಒಂದಾಗಿ ಅಚ್ಚಾದದ್ದು ತಿಳಿದ ಮಟ್ಟಿಗೆ 1838ರಲ್ಲಿ. ನಮ್ಮ ದೀಕ್ಷಿತರು ತೀರಿಕೊಂಡದ್ದು 1835ರಲ್ಲಿ!

ಅಂದಮೇಲೆ ಟ್ವಿಂಕಲ್ ನೋಡಿ ದೀಕ್ಷಿತರು ನಕಲು ಹೊಡೆದರು ಅನ್ನುವ ಮಾತು ಎಲ್ಲಿ ನಿಲ್ಲುತ್ತದೆ? ಊರೂರು ಸುತ್ತುತ್ತಿದ್ದ ಒಂದು ಧಾಟಿ. ಇಂಗ್ಲಿಷರು ಅದಕ್ಕೆ ನಕ್ಷತ್ರ ತೊಡಿಸಿದರು, ದೀಕ್ಷಿತರು ಮೀನಾಕ್ಷಿಯನ್ನು ತೊಡಿಸಿದರು. ಬಟ್ಟೆ ಒಂದೇ ಮಿಲ್ಲಿನದು, ಹೊಲಿಗೆ ಬೇರೆ ಬೇರೆ. ಜವಳಿ ಅಂಗಡಿಯವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೆ?

ತೀರ್ಪುಗಾರರ ಕಡೆಯಿಂದಲೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಸ್ಪರ್ಧೆಯಲ್ಲಿ ಕೃತಿಯನ್ನೇ ಹಾಡಬೇಕು ಅಂತ ನಿಯಮವಿದ್ದರೆ ನೊಟ್ಟುಸ್ವರ ಕೃತಿಯಲ್ಲ, ನಿಜ. ಗಮಕ ನೋಡಿ ಅಂಕ ಕೊಡುವುದಾದರೆ ಇದರಲ್ಲಿ ಗಮಕಕ್ಕೆ ಜಾಗವಿಲ್ಲ, ಅದೂ ನಿಜ. ಹಾಗಂತ ಹೇಳಿ ಅಂಕ ಕಡಿಮೆ ಕೊಡಲಿ. ಆದರೆ ಇದು ನಮ್ಮದಲ್ಲ, ನಕಲು ಅಂತ ಎಳೆ ಮಗುವಿನ ಮುಂದೆ ಸಭೆಯಲ್ಲಿ ಅನ್ನುವುದು ತಪ್ಪು.

ದೀಕ್ಷಿತರ ಮನೆಯವರೇ ಇದನ್ನು ಹೇಗೆ ಕಂಡರು ನೋಡಿ. ತಮ್ಮ ಬಾಲುಸ್ವಾಮಿಯ ಮೊಮ್ಮಗ, ದತ್ತು ಮಗನೂ ಆದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಸಂಗೀತ ಸಂಪ್ರದಾಯ ಪ್ರದರ್ಶಿನಿ ಎಂಬ ಭಾರಿ ಗ್ರಂಥ ಹೊರಡಿಸಿ, ದೊಡ್ಡಪ್ಪನ ಇನ್ನೂರಕ್ಕೂ ಹೆಚ್ಚು ಕೃತಿಗಳನ್ನು ಸ್ವರ ಹಾಕಿ ಉಳಿಸಿಕೊಟ್ಟರು. ಮಾರನೆಯ ವರ್ಷ, 1905ರಲ್ಲಿ, ಕಲಿಯುವವರಿಗೆ ಮೊದಲ ಪಾಠದ ಪುಸ್ತಕ ಮಾಡಿದರು. ಅದರಲ್ಲಿ 33 ನೊಟ್ಟುಸ್ವರಗಳನ್ನು ಸೇರಿಸಿದರು. ಮನೆತನದ ಮರ್ಯಾದೆಗೆ ಕುಂದು ಅನ್ನಿಸಿದ್ದರೆ ಮುಚ್ಚಿಡುತ್ತಿದ್ದರಲ್ಲವೆ? ಮುಚ್ಚಿಡಲಿಲ್ಲ. ಮಕ್ಕಳ ಕೈಗೇ ಕೊಟ್ಟರು. ತೇರು ಎಳೆಯುವ ಶಕ್ತಿ ಬರುವ ಮುಂಚೆ ಮಗು ಆಟದ ಗಾಡಿ ಎಳೆದು ಕಲಿಯಬೇಕು ಎಂಬುದು ಆ ಮನೆಯವರಿಗೆ ಗೊತ್ತಿತ್ತು.

ಮೈಸೂರಿಗೂ ನಂಟು

ದೀಕ್ಷಿತರು ಮುಂದೆ ಕಂಚಿ, ತಿರುವಾರೂರು, ತಂಜಾವೂರು ಅಂತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದರು. ಹಣ ಕೂಡಿಡಲಿಲ್ಲ. ಹೆಂಡತಿಯ ಒಡವೆಗಾಗಿಯೂ ಅರಸನನ್ನು ಹೊಗಳಿ ಹಾಡಲು ಒಪ್ಪಲಿಲ್ಲವೆಂಬ ಕತೆ ಇದೆ. ತಂಜಾವೂರಿನಲ್ಲಿ ನಾಲ್ವರು ಅಣ್ಣತಮ್ಮಂದಿರು ಅವರ ಶಿಷ್ಯರಾದರು. ನಾಟ್ಯದವರು ಇಂದಿಗೂ ಕೈಮುಗಿಯುವ ಪೊನ್ನಯ್ಯ, ಚಿನ್ನಯ್ಯ, ಶಿವಾನಂದಂ, ವಡಿವೇಲು ಇವರೇ. ಅವರಲ್ಲಿ ಚಿನ್ನಯ್ಯನವರು ಬಂದು ನೆಲೆ ಕಂಡದ್ದು ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ. ಹೀಗೆ ದೀಕ್ಷಿತರ ವಿದ್ಯೆಯ ಒಂದು ಕವಲು ನೇರವಾಗಿ ನಮ್ಮ ಅರಮನೆಗೇ ಹರಿದು ಬಂದಿದೆ.

ಅಲ್ಲಿಗೇ ಮುಗಿಯಲಿಲ್ಲ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದವರು, ಪಿಯಾನೋ ನುಡಿಸುತ್ತಿದ್ದವರು. ಅವರು ಕೃತಿ ರಚನೆಗೆ ಕುಳಿತಾಗ ಶ್ರೀವಿದ್ಯಾ ಅಂಕಿತದಲ್ಲಿ, ಸಂಸ್ಕೃತದಲ್ಲಿ, ದೀಕ್ಷಿತರ ದಾರಿಯಲ್ಲೇ 94 ಕೃತಿ ಮಾಡಿದರು. ನಮ್ಮ ದಸರೆಯಲ್ಲಿ ಇಂಗ್ಲಿಷ್ ಬ್ಯಾಂಡು ಒಂದು ಕಡೆ, ಕರ್ನಾಟಕ ವಾದ್ಯವೃಂದ ಒಂದು ಕಡೆ ನಡೆಯುವುದನ್ನು ನೋಡಿಕೊಂಡೇ ಬೆಳೆದವರು ನಾವು. ಎರಡನ್ನೂ ಕೇಳಿ ಕೆಟ್ಟವರು ಯಾರೂ ಇಲ್ಲ.

ದೀಕ್ಷಿತರು ಕಣ್ಣು ಮುಚ್ಚಿದ್ದು 1835ರ ನರಕ ಚತುರ್ದಶಿಯಂದು, ತಮ್ಮ ಬಾಲುಸ್ವಾಮಿ ಆಸ್ಥಾನ ವಿದ್ವಾಂಸನಾಗಿದ್ದ ಎಟ್ಟಯಪುರದಲ್ಲಿ. ಬೇರು ಗಟ್ಟಿ ಇದ್ದವನಿಗೆ ಯಾವ ಗಾಳಿ ಬೀಸಿದರೂ ಭಯವಿಲ್ಲ ಅನ್ನುವುದಕ್ಕೆ ಆ ಬಾಳೇ ಸಾಕ್ಷಿ. ಕಮಲಾಂಬೆಯ ನವಾವರಣ ಮಾಡಿದ ಕೈಯೇ ಬ್ಯಾಂಡಿನ ಧಾಟಿಯನ್ನೂ ಮುಟ್ಟಿತು. ಅದರಿಂದ ಕೈ ಮೈಲಿಗೆ ಆಗಲಿಲ್ಲ, ಧಾಟಿ ಮಡಿಯಾಯಿತು.

ಜವಳಿ ಅಂಗಡಿಯ ಯಜಮಾನರೇ, ಈ ಪತ್ರಿಕೆಯನ್ನು ಇಂದು ಮನೆಗೆ ಒಯ್ಯಿರಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು 1835, 1838 ಎಂಬ ಎರಡು ಇಸವಿಗಳನ್ನು ಮಾತ್ರ ಹೇಳಿಕೊಡಿ. ಉಳಿದ ಲೆಕ್ಕವನ್ನು ಅವಳೇ ಹಾಕಿಕೊಳ್ಳುತ್ತಾಳೆ. ನಾಳೆ ಪಾಠದ ಮನೆಗೆ ಕಳುಹಿಸಿ. ಮುಂದಿನ ಸಲ ಸ್ಪರ್ಧೆ ಏರ್ಪಡಿಸುವವರು ನೊಟ್ಟುಸ್ವರಕ್ಕೆ ಜಾಗ ಉಂಟೋ ಇಲ್ಲವೋ ಅನ್ನುವುದನ್ನು ಮೊದಲೇ ಬರೆದು ಹಾಕಲಿ. ಅಷ್ಟು ಮಾಡಿದರೆ ಇನ್ನೊಂದು ಮಗು ಅತ್ತುಕೊಂಡು ಮನೆಗೆ ಬರುವುದು ತಪ್ಪುತ್ತದೆ.