ಬಿಸಿಲಿಗೆ ರೇಡಿಯೊ ಬೇಗ ಹಾಳಾಗುವುದೇಕೆ? ಉತ್ತರ ಅರ್ಹೇನಿಯಸ್ ಲೆಕ್ಕದಲ್ಲಿದೆ

ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟ ರೇಡಿಯೊ ಅಥವಾ ವಾಕಿಟಾಕಿ ಮತ್ತೆ ಆನ್ ಆದರೆ, ಅದಕ್ಕೇನೂ ಆಗಿಲ್ಲ ಎಂಬುದು ಅನೇಕರ ನಂಬಿಕೆ. ಇದು ನಿಜವಲ್ಲ. ಬಿಸಿಯ ಹಾನಿ ಕಣ್ಣಿಗೆ ಕಾಣದಂತೆ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಅದನ್ನು ಅಂದಾಜು ಮಾಡಲು ಎಂಜಿನಿಯರ್‌ಗಳು ಇಂದಿಗೂ ಬಳಸುವ ಸೂತ್ರ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ ಅವರದು.

ಯಾರು ಈ ಅರ್ಹೇನಿಯಸ್?

ಹುಟ್ಟಿದ್ದು 1859ರ ಫೆಬ್ರವರಿ 19ರಂದು, ಉಪ್ಸಾಲಾ ನಗರದ ಬಳಿ. ತಂದೆ ಭೂಮಾಪಕರು. 1884ರಲ್ಲಿ ಅವರು ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಪ್ರಬಂಧ ಸಲ್ಲಿಸಿದರು. ಉಪ್ಪುನೀರಿನಂಥ ದ್ರಾವಣಗಳಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದು ಅದರ ವಿಷಯ. ಪರೀಕ್ಷಕರಿಗೆ ಹಿಡಿಸಲಿಲ್ಲ, ಕೆಳದರ್ಜೆ ಕೊಟ್ಟರು. ಅರ್ಹೇನಿಯಸ್ ಸುಮ್ಮನೆ ಕೂರದೆ ಪ್ರಬಂಧವನ್ನು ಹೊರದೇಶದ ವಿಜ್ಞಾನಿಗಳಿಗೆ ಕಳಿಸಿದರು. ರೀಗಾದಲ್ಲಿದ್ದ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಅದನ್ನು ಓದಿ, ಉಪ್ಸಾಲಾಕ್ಕೇ ಬಂದು ಅವರನ್ನು ಭೇಟಿಯಾದರು. ಕೆಳದರ್ಜೆ ಪಡೆದ ಅದೇ ವಿಚಾರ ಬೆಳೆದು 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ತಂದಿತು. ನೊಬೆಲ್ ಪಡೆದ ಮೊದಲ ಸ್ವೀಡಿಷ್ ವ್ಯಕ್ತಿ ಅವರೇ.

ಸಕ್ಕರೆಯಿಂದ ಸಿಕ್ಕ ಸೂತ್ರ

1889ರಲ್ಲಿ ಅವರು ಇನ್ನೊಂದು ಪ್ರಶ್ನೆ ಎತ್ತಿಕೊಂಡರು. ಆಮ್ಲದಲ್ಲಿ ಸಕ್ಕರೆ ಒಡೆಯುವ ವೇಗ ಸ್ವಲ್ಪ ಬಿಸಿ ಹೆಚ್ಚಿದರೂ ಅಷ್ಟೊಂದು ಏರುವುದೇಕೆ? ಸಾಕಷ್ಟು ಶಕ್ತಿಯಿರುವ ಕೆಲವೇ ಅಣುಗಳು ಕ್ರಿಯೆಯಲ್ಲಿ ತೊಡಗುತ್ತವೆ, ಬಿಸಿ ಏರಿದಂತೆ ಅಂಥ ಅಣುಗಳ ಸಂಖ್ಯೆ ವೇಗವಾಗಿ ಹೆಚ್ಚುತ್ತದೆ ಎಂದು ಅವರು ವಿವರಿಸಿದರು. ಡಚ್ ವಿಜ್ಞಾನಿ ವಾಂಟ್ ಹಾಫ್ ಕೊಟ್ಟಿದ್ದ ಸೂತ್ರವೇ ಇದಕ್ಕೆ ಆಧಾರ.

ರೇಡಿಯೊಗೂ ಇದಕ್ಕೂ ಏನು ಸಂಬಂಧ?

ರೇಡಿಯೊದೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನಲ್ಲಿ ವಿದ್ಯುತ್ ಹರಿಸುವ ದ್ರವವಿರುತ್ತದೆ. ಬಿಸಿಗೆ ಅದು ನಿಧಾನವಾಗಿ ಆರಿಹೋಗುತ್ತದೆ. ಈ ಬಿಡಿಭಾಗಕ್ಕೆ ಎಂಜಿನಿಯರ್‌ಗಳ ಅಂದಾಜು ಸರಳ: 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯುಸ್ಸು ಅರ್ಧ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 95 ಡಿಗ್ರಿಯಲ್ಲಿ ಸುಮಾರು 4000 ಗಂಟೆ, 85ರಲ್ಲಿ ಸುಮಾರು 8000 ಗಂಟೆ ಬಾಳುತ್ತದೆ. ಎಲ್ಲ ಬಿಡಿಭಾಗಗಳಿಗೂ ಇದೇ ಲೆಕ್ಕ ಹೊಂದುವುದಿಲ್ಲ.

ಅರ್ಹೇನಿಯಸ್ 1927ರ ಅಕ್ಟೋಬರ್ 2ರಂದು ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡರು. ಆಗಿನ್ನೂ ರೇಡಿಯೊ ಮನೆಮನೆಗೆ ಬರುತ್ತಿದ್ದ ಕಾಲ.

ನಾವೇನು ಮಾಡಬೇಕು?

ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟಬಹುದು, ಅಲ್ಲಿ ಸೆಟ್ ಇಡಬೇಡಿ. ನೆರಳಲ್ಲಿ, ಗಾಳಿಯಾಡುವ ಕಡೆ ಬಳಸಿ. ವಾಕಿಟಾಕಿಯಲ್ಲಿ ಮಾತಾಡುವಾಗ ಸೆಟ್ ಇನ್ನಷ್ಟು ಕಾಯುತ್ತದೆ, ನಡುವೆ ಬಿಡುವು ಕೊಡಿ. ಬಿಸಿಯಾಯಿತೆಂದು ಫ್ರಿಜ್‌ನಲ್ಲಿಟ್ಟರೆ ಒಳಗೆ ನೀರಿನ ಹನಿ ಕಟ್ಟಬಹುದು. ನೆರಳಲ್ಲಿ ತಾನಾಗಿ ತಣಿಯಲು ಬಿಡುವುದೇ ಸರಿ.